ರಾತ್ರಿ ತಂಗಲು ಮಾತ್ರ ಕೋಳಿಗೂಡು, 13 ಕೋಳಿ, ಗೋವಾ ಮಳೆ: ಹೇಗೆ ಕಟ್ಟುವುದು?

ಹಿತ್ತಿಲು_ಫೋಂಡಾ

ಎಲ್ಲರಿಗೂ ನಮಸ್ಕಾರ. ಫೋಂಡಾ ಹತ್ತಿರದ ಹಳ್ಳಿ, ಮನೆ ಹಿಂದೆ ತೆಂಗು, ಅಡಿಕೆ, ಒಂದು ಹಲಸಿನ ಮರ. ಕೋಳಿ ಒಟ್ಟು 13. ಗ್ರಾಮಪ್ರಿಯ ತಳಿಯ ಹೇಂಟೆ 8, ಜವಾರಿ ಹೇಂಟೆ 4, ಹುಂಜ 1. ಹಗಲೆಲ್ಲ ಹಿತ್ತಿಲಲ್ಲಿ ಮೇಯುತ್ತವೆ, ಗೂಡು ಬೇಕಿರುವುದು ರಾತ್ರಿಗೆ ಮಾತ್ರ. ಸದ್ಯ ಇರುವುದು ಕಬ್ಬಿಣದ ಪಂಜರ, ಅದರ ಮೇಲೆ ಟಾರ್ಪಾಲ್. ಮಳೆಗಾಲ ಹಿಡಿಯುವ ಮೊದಲು ಸರಿಯಾದ್ದೊಂದು ಕಟ್ಟಬೇಕು.

ಕೇಳಬೇಕಾದ್ದು ಇಷ್ಟು. ಎಷ್ಟು ದೊಡ್ಡದು ಬೇಕು? ನಾಲ್ಕೂ ಕಡೆ ಗೋಡೆ ಮುಚ್ಚಬೇಕೋ, ಜಾಲರಿ ಸಾಕೋ? ಡಿಸೆಂಬರ್, ಜನವರಿಯಲ್ಲಿ ಬಲ್ಬ್ ಹಾಕಬೇಕು ಅನ್ನುತ್ತಾರೆ ಪಕ್ಕದ ಮನೆಯವರು, ನಿಜವೇ? ಪುನುಗು ಬೆಕ್ಕು ಮತ್ತು ಹೆಗ್ಗಣದ ಕಾಟ ಇದೆ. ಕೇರೆ ಹಾವು ಆಗಾಗ ಕಾಣುತ್ತದೆ. ಅಳತೆ ಸಮೇತ ಹೇಳಿದರೆ ಬಡಗಿಗೆ ತೋರಿಸಬಹುದು.

---

ಕಾಣಕೋಣದ_ಕೋಳಿ

ಮೊದಲು ಬಲ್ಬಿನ ವಿಷಯ ಮುಗಿಸಿಬಿಡೋಣ. ಬೇಡ. ಗರಿ ತುಂಬಿದ ಕೋಳಿಯ ಮೈಬಿಸಿ 41 ಡಿಗ್ರಿ ಮೇಲೆಯೇ ಇರುತ್ತದೆ. ರಾತ್ರಿ ಅದು ಗರಿ ಉಬ್ಬಿಸಿ, ಕಾಲಿನ ಮೇಲೆ ಹೊಟ್ಟೆ ಊರಿ ಕೂತರೆ 10 ಡಿಗ್ರಿಯನ್ನೂ ಆರಾಮಾಗಿ ಕಳೆಯುತ್ತದೆ. ಗೋವಾದಲ್ಲಿ ಜನವರಿ ರಾತ್ರಿ 20ರ ಆಸುಪಾಸು, ಒಳನಾಡಿನಲ್ಲಿ ಇನ್ನೊಂದಿಷ್ಟು ಕಡಿಮೆ. ಇದು ಕೋಳಿಗೆ ಚಳಿಯೇ ಅಲ್ಲ. ಬಲ್ಬ್ ಹಾಕಿದರೆ ಹುಳ ಬರುತ್ತದೆ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಬಿಸಿ ಬೇಕಿರುವುದು ಮರಿಗಳಿಗೆ ಮಾತ್ರ. ಮೊದಲ ವಾರ 33ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಐದಾರು ವಾರಕ್ಕೆ ನಿಲ್ಲಿಸುವುದು. ಅದಕ್ಕೆ ಬೇರೆ ಪೆಟ್ಟಿಗೆ ಮಾಡಿಕೊಳ್ಳಿ.

ನಮ್ಮ ಕಡೆ ರಾತ್ರಿ ಕೋಳಿಗೆ ಕಷ್ಟ ಕೊಡುವುದು ಎರಡೇ: ಮೇ ತಿಂಗಳ ಸೆಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒದ್ದೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಬಿಸಿ ಹೊರಹಾಕಬೇಕು. ಗೂಡೊಳಗೆ ಗಾಳಿ ನಿಂತರೆ ಉಸಿರಿನ ತೇವ, ಹಿಕ್ಕೆಯ ಅಮೋನಿಯಾ ಎರಡೂ ಅಲ್ಲೇ ಉಳಿಯುತ್ತವೆ. ಟಾರ್ಪಾಲ್‌ನಲ್ಲಿ ಸುತ್ತಿದ ಪಂಜರಕ್ಕೆ ದೊಡ್ಡ ದೋಷ ಇದೇ. ಮಳೆ ತಪ್ಪುತ್ತದೆ, ಆದರೆ ಬೆಳಗ್ಗೆ ಟಾರ್ಪಾಲ್ ಒಳಮೈ ಮುಟ್ಟಿ ನೋಡಿ, ನೀರು ಇಳಿಯುತ್ತಿರುತ್ತದೆ. ಅದು ಹೊರಗಿನ ನೀರಲ್ಲ, ಕೋಳಿಗಳದ್ದೇ ಉಸಿರು.

ಈಗ ಅಳತೆ. ರಾತ್ರಿಗೆ ಮಾತ್ರವಾದರೆ ಕೋಳಿಯೊಂದಕ್ಕೆ ಒಂದೂವರೆಯಿಂದ ಎರಡು ಚದರ ಅಡಿ ನೆಲ ಸಾಕು. ಹಗಲೂ ಕೂಡಿಹಾಕುವುದಾದರೆ ನಾಲ್ಕು ಬೇಕು. ನಿಮಗೆ 6×4 ಅಡಿ ಹೊಂದುತ್ತದೆ. ಆದರೆ ನೆಲಕ್ಕಿಂತ ಮುಖ್ಯ ಕೂರುವ ಗಳದ ಉದ್ದ, ಯಾಕೆಂದರೆ ಕೋಳಿ ಮಲಗುವುದು ಅದರ ಮೇಲೆ. ಒಂದಕ್ಕೆ 25 ಸೆಂಟಿಮೀಟರ್ ಲೆಕ್ಕ ಹಿಡಿದರೆ 13ಕ್ಕೆ ಸುಮಾರು 11 ಅಡಿ. 6 ಅಡಿಯ ಎರಡು ಗಳ ಹಾಕಿ. ಹಿಂಗೋಡೆಯಿಂದ ಮೊದಲ ಗಳ ಒಂದು ಅಡಿ ಮುಂದೆ, ಎರಡನೆಯದು ಅದರಿಂದ 15 ಇಂಚು ಮುಂದೆ. ಎರಡೂ ಒಂದೇ ಎತ್ತರದಲ್ಲಿರಲಿ, ನೆಲದಿಂದ ಒಂದೂವರೆ ಅಡಿ. ಒಂದು ಮೇಲೆ, ಒಂದು ಕೆಳಗೆ ಮಾಡಿದರೆ ಎಲ್ಲವೂ ಮೇಲಿನದಕ್ಕೇ ಜಗಳ ಆಡುತ್ತವೆ, ಕೆಳಗೆ ಕೂತದ್ದರ ಬೆನ್ನಿಗೆ ಹಿಕ್ಕೆ ಬೀಳುತ್ತದೆ. ಮುಂದೆ ಗಿರಿರಾಜದಂಥ ಭಾರದ ಕೋಳಿ ತಂದರೆ ಗಳವನ್ನು ಒಂದು ಅಡಿಗೆ ಇಳಿಸಿ. ಎತ್ತರದಿಂದ ಧುಮುಕಿ ಧುಮುಕಿ ಅಂಗಾಲಲ್ಲಿ ಗಂಟು ಕಟ್ಟಿ ಬಾವು ಬರುತ್ತದೆ.

ಗಳಕ್ಕೆ ಎರಡು ಇಂಚು ಅಗಲದ ಮರದ ಪಟ್ಟಿ, ಮೇಲಿನ ಅಂಚು ಮಾತ್ರ ಉಜ್ಜಿ ದುಂಡಗೆ ಮಾಡಿದ್ದು. ಪಿವಿಸಿ ಪೈಪ್ ಜಾರುತ್ತದೆ, ಕೋಳಿ ರಾತ್ರಿಯೆಲ್ಲ ಬಿಗಿ ಹಿಡಿದೇ ಇರಬೇಕು. ಬಿದಿರು ಹಾಕಬಹುದು, ಆದರೆ ಎರಡೂ ತುದಿಯ ತೂತನ್ನು ಮರದ ಬೆಣೆ ಹೊಡೆದು ಮುಚ್ಚಬೇಕು. ಇಲ್ಲದಿದ್ದರೆ ರಕ್ತ ಹೀರುವ ನುಸಿಗೆ ಅದೇ ಮನೆ. ಗಳವನ್ನು ಮೊಳೆ ಹೊಡೆದು ಕೂರಿಸಬೇಡಿ. ಎರಡು ಕಡೆ ಯು ಆಕಾರದ ಕಚ್ಚು ಮಾಡಿ ಅದರಲ್ಲಿ ಇಟ್ಟರೆ ಎತ್ತಿ ತೊಳೆಯಬಹುದು.

ಗೋಡೆ: ಹಿಂಬದಿ ನೈಋತ್ಯಕ್ಕೆ ಬರಲಿ, ಮಳೆ ಹೊಡೆಯುವುದು ಆ ಕಡೆಯಿಂದ. ಹಿಂದೆ ಮತ್ತು ಎರಡು ಬದಿಗೆ ನೆಲದಿಂದ ಎರಡೂವರೆ ಅಡಿ ಗಟ್ಟಿ ಗೋಡೆ. ಗಳದ ಮೇಲೆ ಕೂತ ಕೋಳಿಯ ತಲೆ ಸರಿಸುಮಾರು ಅಷ್ಟಕ್ಕೆ ಬರುತ್ತದೆ. ಅದರಿಂದ ಮೇಲೆ ಛಾವಣಿವರೆಗೆ ಪೂರ್ತಿ ಜಾಲರಿ. ಮುಂಭಾಗ ಪೂರ್ತಿ ಜಾಲರಿ, ಅದರಲ್ಲೇ ಬಾಗಿಲು. ಹೀಗಾದರೆ ಗಾಳಿ ಕೋಳಿಯ ತಲೆ ಮೇಲಿಂದ ಹಾಯುತ್ತದೆ, ಮೈಗೆ ನೇರ ಹೊಡೆಯುವುದಿಲ್ಲ.

ಗೂಡಿನ ಒಳ ಎತ್ತರ ಹಿಂದೆ 4 ಅಡಿ, ಮುಂದೆ 5 ಅಡಿ. ಇಡೀ ಗೂಡನ್ನು ಮಣ್ಣಿನಿಂದ ಎರಡು ಅಡಿ ಎತ್ತರಕ್ಕೆ ಕಾಲಿನ ಮೇಲೆ ನಿಲ್ಲಿಸಿ. ಮರಕ್ಕಿಂತ ಒಂದೂವರೆ ಇಂಚಿನ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪ್ ಕಾಲು ಒಳ್ಳೆಯದು, ಗೆದ್ದಲು ಹತ್ತುವುದಿಲ್ಲ. ಕಾಲಿನ ಬುಡ ಜಂಬಿಟ್ಟಿಗೆ ತುಂಡಿನ ಮೇಲೆ ಕಾಂಕ್ರೀಟಿನಲ್ಲಿ ಕೂರಲಿ.

ಬಡಗಿಗೆ ಕೊಡುವ ಪಟ್ಟಿ ಹೀಗಿರಲಿ. 12 ಎಂಎಂ ಸಿಮೆಂಟ್ ಬೋರ್ಡ್, 8×4 ಅಡಿಯದು ಎರಡು. ಮೊದಲನೆಯದರಲ್ಲಿ 6×4 ನೆಲ ಕತ್ತರಿಸಿದರೆ 2×4 ಉಳಿಯುತ್ತದೆ, ಅದನ್ನು ಉದ್ದಕ್ಕೆ ಸೀಳಿ 1×4ರ ಎರಡು ಪಟ್ಟಿ. ಎರಡನೆಯದರಲ್ಲಿ 6×2½ ಹಿಂಗೋಡೆ, ಮತ್ತು 8×1½ ಪಟ್ಟಿಯನ್ನು ಅರ್ಧ ಮಾಡಿ 4×1½ರ ಎರಡು. ಒಂದೂವರೆ ಅಡಿಯ ಪಟ್ಟಿ ಮೇಲೆ ಒಂದು ಅಡಿಯದು ಕೂಡಿಸಿದರೆ ಬದಿಗೋಡೆ ಎರಡೂ ಮುಗಿಯಿತು. ಜೋಡು ಬರುವ ಕಡೆ ಒಳಗಿನಿಂದ ರೀಪು ಕೊಡಿಸಿ. ಪ್ಲೈವುಡ್ ಅಗ್ಗ ಸಿಗಬಹುದು, ಗೋವಾದ ಎರಡು ಮಳೆಗೆ ಪದರ ಬಿಡುತ್ತದೆ. ನೆಲದ ಬೋರ್ಡಿನ ಕೆಳಗೆ ಒಂದೂವರೆ ಅಡಿಗೊಂದು ಅಡ್ಡಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಸಿಮೆಂಟ್ ಬೋರ್ಡ್ ನಡುವೆ ಬಿರುಕು ಬಿಡುತ್ತದೆ.

ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್, ಜಿಐ. ಆರು ಮೂಲೆಯ ಕೋಳಿ ಜಾಲರಿ ಬೇಡ. ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿ ಹಲ್ಲಲ್ಲಿ ಹರಿಯುತ್ತದೆ. ಬೇಕಾಗುವುದು 55 ಚದರ ಅಡಿಯಷ್ಟು. 4 ಅಡಿ ಅಗಲದ ರೋಲ್‌ನಲ್ಲಿ 20 ಅಡಿ ತಂದರೆ ಮಡಿಕೆ, ಚೂರುಪಾರು ಸೇರಿ ಸಾಕು. ಹೊಡೆಯುವುದು ಯು ಮೊಳೆಯಿಂದ ಅಲ್ಲ. ಜಾಲರಿ ಮೇಲೆ ರೀಪು ಪಟ್ಟಿ ಇಟ್ಟು ಆರಾರು ಇಂಚಿಗೆ ಸ್ಕ್ರೂ. ಒದ್ದೆ ಮರದಲ್ಲಿ ಯು ಮೊಳೆ ಕೈಯಲ್ಲೇ ಬರುತ್ತದೆ, ಪುನುಗು ಬೆಕ್ಕಿಗೆ ಒಂದು ಮೂಲೆ ಸಡಿಲವಾದರೆ ಸಾಕು.

---

ವಾಸ್ಕೋ_ಗದಗಿನವ

ಅಣ್ಣಾರ, ಮ್ಯಾಲಿನವರು ಹೇಳಿದ್ದು ಖರೇನ. ನಾ ಛಾವಣಿ, ಬಾಗಲಾ ಎರಡರ ಬಗ್ಗೆ ಅಷ್ಟ ಹೇಳತೀನಿ.

ಮನ್ಯಾಗ ಹಳೇ ಮಂಗಳೂರ ಹಂಚು ಬಿದ್ದಿದ್ರ ಅದನ್ನ ಈ ಗೂಡಿಗೆ ಹೊದಿಸಾಕ ಹೋಗಬ್ಯಾಡ್ರಿ. ಒಂದೊಂದು ಹಂಚು ಎರಡು ಕಿಲೋ ಮ್ಯಾಲ ತೂಗತೈತಿ, ನೂರು ಹಂಚಾದ್ರ ಎರಡು ಕ್ವಿಂಟಲ್ ದಾಟ್ತು. ಕಾಲಿನ ಮ್ಯಾಲ ನಿಂತ ಗೂಡಿಗೆ ಅದು ಹೊರಿ. ಹಂಚಿಗೆ ಇಳಿಜಾರೂ ಭಾಳ ಬೇಕು, ನಾಲ್ಕು ಅಡಿಗೆ ಒಂದು ಅಡಿ ಇಳಿಜಾರಿಗೆ ನೀರು ಹಿಂದಕ್ಕ ಹರದು ಒಳಗ ಸೋರತೈತಿ. ಇನ್ನ ಪುನುಗು ಬೆಕ್ಕು ಹಂಚಿನ ಮ್ಯಾಲ ಓಡಾಡೂದು ಗೋವಾದಾಗ ಯಾರಿಗೂ ಹೊಸಾದಲ್ಲ. ಹಂಚು ಸರಿಸಿ ಇಳೀತೈತಿ. ಹಂಚ ಬೇಕಂದ್ರ ಅದರ ಕೆಳಗ ಪೂರಾ ಜಾಲರಿ ಹೊಡೀಬೇಕು, ಎರಡೆರಡು ಖರ್ಚು.

ತಗಡ ಹಾಕ್ರಿ. ಬಣ್ಣದ ಕೋಟಿಂಗ್ ಇರೂ ತಗಡು, 8 ಅಡಿ ಉದ್ದದ್ದು ಮೂರು. ಹಿಂದ ಎರಡೂವರೆ ಅಡಿ, ಮುಂದ ಒಂದೂವರೆ ಅಡಿ, ಆಜೂಬಾಜೂ ಒಂದೂವರೆ ಅಡಿ ಹೊರಗ ಚಾಚಲಿ. ಜನಾ ಇಲ್ಲೇ ಕಂಜೂಸಿ ಮಾಡತಾರ. ಅರ್ಧ ಅಡಿ ಚಾಚಿ ಬಿಡತಾರ, ಆಮ್ಯಾಲ ಇರಚಲಾ ಒಳಗ ಬರ್ತೈತಂತ ಟಾರ್ಪಾಲ್ ಕಟ್ಟತಾರ, ಕಟ್ಟಿದ್ದಕ್ಕ ಗಾಳಿ ಹೋತು. ಚಾಚು ಉದ್ದ ಇದ್ರ ಟಾರ್ಪಾಲಿನ ಕೆಲಸನ ಇಲ್ಲ. ತಗಡಿನ ಸ್ಕ್ರೂ ಏರು ಇರೂ ಕಡೆ ಹೊಡಿಸ್ರಿ, ತಗ್ಗಿನಾಗ ಅಲ್ಲ. ರಬ್ಬರ್ ವಾಷರ್ ಇಲ್ಲದ ಸ್ಕ್ರೂ ಹೊಡಿಸಿದ್ರ ಅದ ತೂತಿನಾಗಿಂದ ಹನಿ ಬೀಳತೈತಿ.

ತಗಡಿನ ಕಾವಿಗೆ ಮ್ಯಾಲ ಹೆಣೆದ ತೆಂಗಿನ ಗರಿ ಹೊದಿಸ್ರಿ. ಮಾರ್ಚ್ ತಿಂಗಳದಾಗ ಹಾಕಿ, ಮಿರಗದ ಮಳಿ ಹಿಡಿಯೂದರೊಳಗ ತೆಗೀರಿ. ಮಳಿಗಾಲದಾಗ ಬಿಟ್ರ ಕೊಳತು ಚೇಳು, ಜರಿ ಕೂಡತಾವು, ತಗಡಿಗೂ ತುಕ್ಕು. ತಗಡು ಮತ್ತ ಜಾಲರಿ ಕೂಡೂ ಕಡೆ ಏರುತಗ್ಗಿನ ಸಂದಿ ಉಳೀತೈತಲ್ಲ, ಅದು ಒಂದು ಇಂಚಿಗಿಂತ ದೊಡ್ಡದಿರತೈತಿ. ಹಾವಿಗೆ ಅದ ಹೆಬ್ಬಾಗಲಾ. ಜಾಲರಿಯನ್ನ ಮ್ಯಾಲ ಎರಡು ಇಂಚು ಉಳಿಸಿ ಆ ತಗ್ಗಿನೊಳಗ ಮಡಚಿ ತುಂಬ್ರಿ.

ಬಾಗಲಾ ಎರಡ ಮಾಡ್ರಿ. ಕೋಳಿಗೆ ಒಂದು, 12 ಇಂಚು ಅಗಲ, 14 ಇಂಚು ಎತ್ತರ. ನಿಮಗ ಒಂದು, ಮುಂದಿನ ಜಾಲರಿ ಫ್ರೇಮ್ ಪೂರಾ ತೆರೀಬೇಕು, ಹಿಂದಿನ ಮೂಲಿತನಕ ಸಲಕಿ ಮುಟ್ಟಬೇಕು. ಕೈ ಮುಟ್ಟಲಾರದ ಮೂಲಿ ಯಾರೂ ಬಳಿಯೂದಿಲ್ಲ. ಕೋಳಿ ಬಾಗಲಿಗೆ ಹಲಗಿ ಏಣಿ, ನಾಲ್ಕು ಅಡಿ ಉದ್ದ ಇದ್ರ ಎರಡು ಅಡಿ ಎತ್ತರಕ್ಕ ಏರು ಹದಾ ಬರತೈತಿ. ಆರು ಇಂಚಿಗೊಂದು ಪಟ್ಟಿ ಬಡೀರಿ. ರಾತ್ರಿ ಆ ಏಣಿ ತೆಗೆದು ಇಡೂದು ಛಲೋ.

ಚಿಲಕಾ ಬರೇ ತಿರುಗೂ ಮರದ ತುಂಡು ಬ್ಯಾಡ. ನಾಯಿ ಮೂತಿಲೆ ಒತ್ತಿದ್ರ ಅದು ತಿರಗತೈತಿ. ಕಬ್ಬಿಣದ ಅಗಳಿ ಹಾಕಿ ಅದಕ್ಕ ಒಂದು ಕೊಂಡಿ ಸಿಗಿಸ್ರಿ. ಬಾಗಲದ ಸುತ್ತ ಸಂದಿ ಕಿರಿಬಳ್ಳಷ್ಟ ಕೂಡ ಇರಬಾರದು.

---

ಹಿತ್ತಿಲು_ಫೋಂಡಾ

ಇಬ್ಬರಿಗೂ ತುಂಬ ಧನ್ಯವಾದ. ಇನ್ನೂ ನಾಲ್ಕು ಸಂಶಯ. ನೆಲಕ್ಕೆ ಬೋರ್ಡಿನ ಬದಲು ಜಾಲರಿಯನ್ನೇ ಹಾಕಿದರೆ ಹಿಕ್ಕೆ ಕೆಳಗೆ ಬೀಳುವುದಿಲ್ಲವೇ, ಬಳಿಯುವ ಕೆಲಸ ಉಳಿಯುತ್ತದಲ್ಲ? ಬೋರ್ಡೇ ಆದರೆ ಮೇಲೆ ಏನು ಹರಡುವುದು, ಸುಣ್ಣ ಹಾಕಬೇಕೇ? ಸೊಳ್ಳೆ ವಿಪರೀತ, ಸೊಳ್ಳೆಪರದೆ ಹೊಡೆದರೆ ಹೇಗೆ? ಮತ್ತೆ ಜವಾರಿ ಹೇಂಟೆಗಳು ಸಂಜೆ ಹಲಸಿನ ಮರ ಹತ್ತುತ್ತವೆ, ಅವನ್ನು ಗೂಡಿಗೆ ರೂಢಿ ಮಾಡಿಸುವುದು ಹೇಗೆ?

---

ಮಾಪ್ಸಾ_ಪಶುಪಾಲಕ

ಜಾಲರಿ ನೆಲದ ಯೋಚನೆ ಎಲ್ಲರಿಗೂ ಬರುತ್ತದೆ, ನಡೆಯುವುದಿಲ್ಲ. ಅರ್ಧ ಇಂಚಿನ ಕಣ್ಣಿನಲ್ಲಿ ಹಿಕ್ಕೆ ಇಳಿಯುವುದಿಲ್ಲ. ಎರಡು ವಾರಕ್ಕೆ ಕಣ್ಣು ಕಟ್ಟಿ ಗಟ್ಟಿ ನೆಲವೇ ಆಗುತ್ತದೆ, ಅದನ್ನು ಉಜ್ಜುವುದು ಬೋರ್ಡು ಬಳಿಯುವುದಕ್ಕಿಂತ ದೊಡ್ಡ ಶಿಕ್ಷೆ. ಒಂದು ಇಂಚಿನ ಕಣ್ಣು ಹಾಕಿದರೆ ಹಿಕ್ಕೆ ಇಳಿಯುತ್ತದೆ, ಜೊತೆಗೆ ಹಾವು, ಇಲಿ ಏರುತ್ತವೆ. ಅಡಿಕೆ ದಬ್ಬೆಯನ್ನು ಬೆರಳು ಸಂದಿ ಬಿಟ್ಟು ಹಾಸುವುದಕ್ಕೂ ಇದೇ ಮಾತು. ದಬ್ಬೆ ನೆಲ ಬೇಕೇ ಬೇಕು ಅನ್ನುವವರು ಗೂಡಿನ ಕಾಲುಗಳ ಸುತ್ತಲೂ ಅರ್ಧ ಇಂಚಿನ ಜಾಲರಿ ನೆಲದವರೆಗೆ ಇಳಿಸಿ, ಹೊರಕ್ಕೆ ಒಂದೂವರೆ ಅಡಿ ಮಡಚಿ ಹಾಸಿ ಮಣ್ಣು ಮುಚ್ಚಬೇಕು. ಹೆಗ್ಗಣ ಗೋಡೆ ಬುಡದಲ್ಲೇ ತೋಡುತ್ತದೆ, ಕೆಳಗೆ ಹಾಸಿದ ಜಾಲರಿ ಸಿಕ್ಕರೆ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ. ಆ ಎಲ್ಲ ಖರ್ಚು ಸೇರಿಸಿದರೆ ಬೋರ್ಡೇ ಅಗ್ಗ.

ಬೋರ್ಡಿನ ಮೇಲೆ ಒಣ ಭತ್ತದ ಹೊಟ್ಟು ಎರಡರಿಂದ ಮೂರು ಇಂಚು. ಗಿರಣಿಯಿಂದ ತರುವಾಗ ಮೂಟೆಗೆ ಕೈ ಹಾಕಿ ನೋಡಿ. ಒಳಗೆ ಬಿಸಿ ಇದ್ದರೆ, ಬೂಸಲು ವಾಸನೆ ಬಂದರೆ ಬಿಟ್ಟುಬಿಡಿ. ಬೂಸಲಿನ ಬೀಜಕಣ ಕೋಳಿಯ ಶ್ವಾಸಕೋಶದಲ್ಲಿ ಬೆಳೆಯುತ್ತದೆ, ಅದಕ್ಕೆ ಔಷಧಿಯಿಂದ ಏನೂ ಆಗುವುದಿಲ್ಲ. ಮಳೆಗಾಲಕ್ಕೆ ಬೇಕಾಗುವಷ್ಟನ್ನು ಮೇ ತಿಂಗಳಲ್ಲೇ ತಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ.

ಬೆಳೆದ ಹೇಂಟೆ ದಿನಕ್ಕೆ ನೂರು ಗ್ರಾಮಿಗೂ ಹೆಚ್ಚು ಹಿಕ್ಕೆ ಹಾಕುತ್ತದೆ, ಅದರಲ್ಲಿ ಸುಮಾರು ಅರ್ಧ ರಾತ್ರಿ ಕೂತ ಜಾಗದಲ್ಲೇ. 13 ಕೋಳಿ ಅಂದರೆ ಒಂದು ರಾತ್ರಿಗೆ ಅರ್ಧ ಕಿಲೋ ದಾಟುತ್ತದೆ, ಅದರಲ್ಲಿ ಬಹುಪಾಲು ನೀರು. ಎಲ್ಲವೂ ಗಳದ ನೇರ ಕೆಳಗೆ ಎರಡು ಸಾಲಾಗಿ ಬೀಳುವುದರಿಂದ ನೆಲ ಪೂರ್ತಿ ಬಳಿಯಬೇಕಿಲ್ಲ. ಆ ಎರಡು ಸಾಲನ್ನು ಎರಡು ದಿನಕ್ಕೊಮ್ಮೆ ಸಲಿಕೆಯಲ್ಲಿ ತೆಗೆದು, ಅಷ್ಟೇ ಹೊಸ ಹೊಟ್ಟು ಹಾಕಿ. ಐದು ನಿಮಿಷದ ಕೆಲಸ. ತೆಗೆದದ್ದನ್ನು ನೇರ ಗಿಡದ ಬುಡಕ್ಕೆ ಸುರಿಯಬೇಡಿ, ಹಸಿ ಹಿಕ್ಕೆ ಬೇರು ಸುಡುತ್ತದೆ. ಒಣ ಎಲೆ ಜೊತೆ ಗುಂಡಿಗೆ ಹಾಕಿ ಎರಡು ಮೂರು ತಿಂಗಳು ಕೊಳೆಯಿಸಿ ತೆಂಗಿಗೆ ಕೊಡಿ.

ಹೊಟ್ಟು ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ಹಿಸುಕಿ. ಉಂಡೆ ಕಟ್ಟಿ, ಬೆರಳು ಬಿಟ್ಟ ಕೂಡಲೇ ಉದುರಿದರೆ ಹದ. ಉಂಡೆಯಾಗಿಯೇ ಉಳಿದರೆ ಒದ್ದೆ ಜಾಸ್ತಿ, ಬದಲಿಸಿ. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿ ರೋಗದ ಕಣಗಳು ಒಂದೆರಡು ದಿನದಲ್ಲೇ ಪಕ್ವವಾಗುತ್ತವೆ. ಬೆಳೆದ ಕೋಳಿ ತಡೆದುಕೊಂಡರೂ ಮೂರರಿಂದ ಆರು ವಾರದ ಮರಿ ತಡೆಯುವುದಿಲ್ಲ. ಮರಿಗಳನ್ನು ದೊಡ್ಡವುಗಳ ಗೂಡಿನ ನೆಲದಲ್ಲಿ ಬಿಡಬೇಡಿ ಅನ್ನುವುದು ಇದಕ್ಕೇ.

ಇನ್ನು ಸುಣ್ಣ. ಹೊಟ್ಟಿಗೆ ಬೇಡ. ಇದನ್ನು ಹೇಳಿದರೆ ಹಿರಿಯರು ಸಿಟ್ಟಾಗುತ್ತಾರೆ, ಆದರೂ ಹೇಳುತ್ತೇನೆ. ಹಿಕ್ಕೆಯಲ್ಲಿರುವ ಸಾರಜನಕ ಕ್ಷಾರದ ಜೊತೆ ಸೇರಿದರೆ ಅಮೋನಿಯಾ ಬೇಗ ಹಾರುತ್ತದೆ. ಸುಣ್ಣ ಉದುರಿಸಿದ ರಾತ್ರಿ ಗೂಡಿನಲ್ಲಿ ಕಣ್ಣು ಉರಿಯುವುದು ಅದಕ್ಕೇ. ಒಲೆಯ ಬೂದಿಯೂ ಕ್ಷಾರವೇ, ಅದನ್ನು ಹಗಲು ಕೋಳಿ ಹೊರಳಾಡುವ ಮಣ್ಣಿನ ಗುಂಡಿಗೆ ಕೊಡಿ, ಮೈಯ ಹೇನಿಗೆ ಒಳ್ಳೆಯದು. ಅಮೋನಿಯಾ ನೋಡುವುದು ನಿಂತುಕೊಂಡು ಅಲ್ಲ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಬಗ್ಗಿ, ಗಳದ ಮಟ್ಟಕ್ಕೆ ಮೂಗು ತಂದು ಉಸಿರು ಎಳೆಯಿರಿ. ಮನುಷ್ಯರ ಮೂಗಿಗೆ ಘಾಟು ತಿಳಿಯುವ ಹೊತ್ತಿಗೆ ಅದು 20, 25 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು) ಹತ್ತಿರ ಬಂದಿರುತ್ತದೆ. ಕೋಳಿಯ ಶ್ವಾಸನಾಳಕ್ಕೆ ಪೆಟ್ಟು ಬೀಳುವುದೂ ಅಲ್ಲಿಂದಲೇ. ಆಮೇಲೆ ಗೊರಗೊರ ಶಬ್ದ, ಕಣ್ಣಲ್ಲಿ ನೊರೆ.

ಸೊಳ್ಳೆಪರದೆಯನ್ನು ನಾನು ಒಪ್ಪುವುದಿಲ್ಲ. ಸೊಳ್ಳೆ ಕೋಳಿಸಿಡುಬು ಹರಡುತ್ತದೆ ಎಂಬುದು ನಿಜ, ಮಳೆಗಾಲ ಮುಗಿಯುವ ಹೊತ್ತಿಗೆ ಜುಟ್ಟು, ಮುಖದ ಮೇಲೆ ಗಂಟು ಕಾಣುವುದು ಇದರಿಂದಲೇ. ಆದರೆ ಪರದೆಯ ಕಣ್ಣು ಗರಿಯ ಧೂಳಿಗೆ ತಿಂಗಳೊಪ್ಪತ್ತಿನಲ್ಲಿ ಮುಚ್ಚಿಹೋಗುತ್ತದೆ, ಗಾಳಿ ಅರ್ಧಕ್ಕೆ ಇಳಿಯುತ್ತದೆ. ಸೊಳ್ಳೆ ತಪ್ಪಿಸಲು ಹೋಗಿ ಉಸಿರಾಟದ ರೋಗ ತಂದುಕೊಂಡ ಹಾಗೆ. ಸಿಡುಬಿಗೆ ಲಸಿಕೆ ಇದೆ, ಆರರಿಂದ ಎಂಟು ವಾರದ ಮರಿಗೆ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುವುದು. ರಾಣಿಖೇತ್ ರೋಗದ ಆರ್‌2ಬಿ ಲಸಿಕೆ ಎಂಟು ವಾರಕ್ಕೆ. ಎರಡನ್ನೂ ಒಂದೇ ದಿನ ಕೊಡಿಸದೆ ನಡುವೆ ಒಂದೆರಡು ವಾರ ಬಿಡಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಬಾಟಲಿ ತೆರೆದು ಕಲಸಿದರೆ ಒಂದೆರಡು ತಾಸಿನೊಳಗೆ ಮುಗಿಸಬೇಕಾದ್ದರಿಂದ ಅಕ್ಕಪಕ್ಕದ ಮನೆಯ ಕೋಳಿಗಳನ್ನೂ ಸೇರಿಸಿಕೊಂಡು ಹೋಗುವುದು ಜಾಣತನ.

ಹಾವು, ಮುಂಗುಸಿ, ಉಡ, ಪುನುಗು ಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಬಲೆ, ಉರುಲು, ವಿಷ ಯಾವುದೂ ಕೂಡದು. ಗೂಡನ್ನೇ ಬಿಗಿ ಮಾಡಬೇಕು. ಅಂದಹಾಗೆ ಕೇರೆ ಹಾವು ಬೆಳೆದ ಕೋಳಿಯ ತಂಟೆಗೆ ಬರುವುದಿಲ್ಲ, ಅದು ಬರುವುದು ಇಲಿಗೆ, ಮೊಟ್ಟೆಗೆ, ಮರಿಗೆ. ರಾತ್ರಿ ಗೂಡಿನಲ್ಲಿ ಕಾಳು ಇಡಬೇಡಿ. ಕಾಳಿಗೆ ಇಲಿ ಬಂದರೆ ಇಲಿಗೆ ಹಾವು ಬರುತ್ತದೆ. ಕತ್ತಲಲ್ಲಿ ಕೋಳಿ ತಿನ್ನುವುದೂ ಇಲ್ಲ. ಬೆಳಕು ಹರಿದ ಕೂಡಲೇ ಬಾಗಿಲು ತೆಗೆಯುವ ಮನೆಯಲ್ಲಿ ನೀರೂ ಒಳಗೆ ಬೇಡ, ಚೆಲ್ಲಿದರೆ ಹೊಟ್ಟು ಒದ್ದೆ.

---

ಕಾಣಕೋಣದ_ಕೋಳಿ

ಹೊಟ್ಟಿಗೆ ಸುಣ್ಣ ಬೇಡ ಎಂಬುದಕ್ಕೆ ಸಹಮತ. ಆದರೆ ಗೋಡೆಗೆ, ಗಳದ ಕಚ್ಚಿಗೆ ಸುಣ್ಣ ಬಳಿಯುವುದನ್ನು ಬಿಡಬೇಡಿ, ಇವೆರಡೂ ಬೇರೆ ಬೇರೆ ಸಂಗತಿ. ಬಿರುಕುಗಳೆಲ್ಲ ತುಂಬಿ ನುಸಿಗೆ ಅಡಗಲು ಜಾಗ ಇಲ್ಲವಾಗುತ್ತದೆ. ಸಿಮೆಂಟ್ ಬೋರ್ಡಿಗೆ ಚೆನ್ನಾಗಿ ಹಿಡಿಯುತ್ತದೆ.

ಜವಾರಿ ಹೇಂಟೆಗಳ ವಿಷಯಕ್ಕೆ ಬರುತ್ತೇನೆ. ಮರ ಹತ್ತುವ ಕೋಳಿಗೆ ಬೇಕಿರುವುದು ಎತ್ತರ ಮತ್ತು ಗಾಳಿ. ಗೂಡಿನಲ್ಲಿ ಎರಡೂ ಇಲ್ಲದಿದ್ದರೆ ಅದು ಮರವನ್ನೇ ಆರಿಸಿಕೊಳ್ಳುತ್ತದೆ, ಅದರ ಆಯ್ಕೆ ತಪ್ಪೂ ಅಲ್ಲ. ಹೊಸ ಗೂಡು ಮುಗಿದ ಮೇಲೆ 13ನ್ನೂ ಒಳಗೆ ಹಾಕಿ ಐದರಿಂದ ಏಳು ದಿನ ಪೂರ್ತಿ ಕೂಡಿಡಿ. 24 ಚದರ ಅಡಿ ಹಗಲಿಗೆ ಇಕ್ಕಟ್ಟು, ಹಾಗಾಗಿ ಮುಂದೆ ತಾತ್ಕಾಲಿಕವಾಗಿ ಬಲೆಯ ಅಂಗಳ ಕಟ್ಟಿ, ಏಣಿ ಇಳಿದು ಅಲ್ಲಿಗೆ ಬರುವಂತೆ ಮಾಡಿ. ಬಲೆಗೆ ಮೇಲೂ ಮುಚ್ಚಳ ಬೇಕು, ಜವಾರಿ ಆರಡಿ ಬೇಲಿಯನ್ನು ಲೀಲಾಜಾಲವಾಗಿ ಹಾರುತ್ತದೆ. ಆಮೇಲೆ ಬಿಡುವುದು ಸಂಜೆ, ಕತ್ತಲಾಗಲು ಒಂದು ತಾಸು ಇರುವಾಗ. ದೂರ ಹೋಗಲು ಹೊತ್ತಿರುವುದಿಲ್ಲ. ಗೂಡಿನ ಒಳಗೆ ಹಿಡಿ ಕಾಳು ಚೆಲ್ಲಿ ಕರೆಯಿರಿ, ಅದನ್ನು ಅವು ಕತ್ತಲಾಗುವ ಮೊದಲೇ ಹೆಕ್ಕಿ ಮುಗಿಸುವಷ್ಟು ಮಾತ್ರ.

ಅಷ್ಟಾದರೂ ಒಂದೆರಡು ಮರ ಹತ್ತಿದರೆ ಕತ್ತಲಾದ ಮೇಲೆ ಏಣಿ ಇಟ್ಟು ಇಳಿಸಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಕೈಗೆ ಸುಮ್ಮನೆ ಬರುತ್ತದೆ. ಟಾರ್ಚ್ ಮುಖಕ್ಕೆ ಬಿಡಬೇಡಿ. ಹಲಸಿನ ಮರದ ಬುಡಕ್ಕೆ ನಾಲ್ಕಡಿ ಎತ್ತರದಲ್ಲಿ ಎರಡಡಿ ಅಗಲದ ತಗಡು ಸುತ್ತಿದರೂ ಪ್ರಯೋಜನ ಇಲ್ಲ, ಅವು ಹತ್ತುವುದಲ್ಲ, ಕೆಳಗಿನ ಕೊಂಬೆಗೆ ಹಾರುವುದು. ತಗ್ಗಿನ ಕೊಂಬೆ ಕಡಿಯಬೇಕು. ಆ ತಗಡು ಗೂಡಿನ ಪೈಪ್ ಕಾಲಿಗೆ ಸುತ್ತಲು ಒಳ್ಳೆಯದು. ನಯವಾದ ತಗಡನ್ನು ಕೊಳವೆಯಂತೆ ಒಂದೂವರೆ ಅಡಿ ಸುತ್ತಿದರೆ ಇಲಿಗೆ ಹಿಡಿತ ಸಿಗುವುದಿಲ್ಲ. ಅದರ ಮೇಲೆ ಗ್ರೀಸ್ ಪಟ್ಟೆ ಬಳಿದರೆ ಕೆಂಪಿರುವೆಯೂ ನಿಲ್ಲುತ್ತದೆ. ಕಾಲಿನ ಬುಡಕ್ಕೆ ನೀರಿನ ಬಟ್ಟಲು ಇಡುವ ಪದ್ಧತಿ ಬೇಡ, ಅದರಲ್ಲೇ ಸೊಳ್ಳೆ ಮರಿ.

ಮೊಟ್ಟೆ ಪೆಟ್ಟಿಗೆ ಕೇಳಲಿಲ್ಲ ನೀವು. 12 ಇಂಚಿನ ಚೌಕ ಮೂರು ಸಾಕು, ನಾಲ್ಕು ಹೇಂಟೆಗೆ ಒಂದರಂತೆ. ಗಳಕ್ಕಿಂತ ತಗ್ಗಿನಲ್ಲಿ ಇರಲೇಬೇಕು. ಮೇಲಿದ್ದರೆ ಅದರಲ್ಲೇ ಮಲಗಿ ಹಿಕ್ಕೆ ಮಾಡುತ್ತವೆ, ಬೆಳಗ್ಗೆ ಮೊಟ್ಟೆ ಕೊಳಕು.

---

ಪುಣೆ_ಹಡಪ್ಸರ

ನಡುವೆ ಬಾಯಿ ಹಾಕುತ್ತಿದ್ದೇನೆ. ಪುಣೆಯಲ್ಲಿ ಗಚ್ಚಿಯ ಮೇಲೆ 4 ಕೋಳಿಗೆ ಇದೇ ವಿನ್ಯಾಸ ಚಿಕ್ಕದಾಗಿಸಿ ಮಾಡಬಹುದೇ? ಇಲ್ಲಿ ಜನವರಿಯಲ್ಲಿ 10 ಡಿಗ್ರಿ ಕೆಳಗೂ ಇಳಿಯುತ್ತದೆ.

---

ಮಾಪ್ಸಾ_ಪಶುಪಾಲಕ

ಮಾಡಬಹುದು. 3×3 ಅಡಿ ನೆಲ, ಮೂರೂವರೆ ಅಡಿ ಎತ್ತರ, ಗಳ ಒಂದೇ ಸಾಕು. ಪುಣೆಯ ಮಳೆ ಗೋವಾದ ಕಾಲುಭಾಗದ ಲೆಕ್ಕ, ಚಾಚು ಒಂದು ಅಡಿ ಇದ್ದರೆ ನಡೆಯುತ್ತದೆ. ಚಳಿಗೂ ಬಲ್ಬ್ ಬೇಡ. ಡಿಸೆಂಬರ್, ಜನವರಿಯಲ್ಲಿ ಗಾಳಿ ಬರುವ ಕಡೆಯ ಜಾಲರಿಗೆ ಗೋಣಿತಾಟು ಹಾಕಿ, ಎದುರು ಬದಿಯ ಜಾಲರಿ ತೆರೆದೇ ಇರಲಿ. ಗೋಣಿಯನ್ನು ಮೇಲಿನಿಂದ ನೇತುಹಾಕದೆ ಕೆಳಗೆ ಕಟ್ಟಿ ಮೇಲಕ್ಕೆ ಎಳೆಯುವ ಹಾಗೆ ಮಾಡಿ, ದೊಡ್ಡ ಫಾರಂಗಳ ಪರದೆ ಇರುವುದು ಹಾಗೆಯೇ. ಎಷ್ಟು ಎಳೆದರೂ ತುದಿಯಲ್ಲಿ ಅರ್ಧ ಅಡಿ ತೆರವು ಉಳಿಸಿ, ಬಿಸಿಗಾಳಿ, ತೇವ ಹೋಗುವುದು ಅಲ್ಲಿಂದ.

ಗಚ್ಚಿಯಲ್ಲಿ ಪೀಡೆ ಚಳಿಯದಲ್ಲ, ಏಪ್ರಿಲ್ ಮೇ ತಿಂಗಳ ಸ್ಲಾಬಿನ ಕಾವು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತು, ಹನ್ನೊಂದರವರೆಗೂ ಬಿಸಿ ಉಗುಳುತ್ತದೆ. ಗೂಡನ್ನು ಇಟ್ಟಿಗೆ ಮೇಲೆ ಒಂದಡಿ ಎತ್ತಿ ಇಡಿ, ಸಂಜೆ ಸುತ್ತಲಿನ ಸ್ಲಾಬಿಗೆ ನೀರು ಚಿಮುಕಿಸಿ. ಹುಂಜ ಸಾಕಬೇಡಿ. ನಸುಕಿನ ನಾಲ್ಕಕ್ಕೆ ಕೂಗುವ ಹುಂಜಕ್ಕೆ ಸೊಸೈಟಿಯಲ್ಲಿ ಸ್ನೇಹಿತರಿರುವುದಿಲ್ಲ, ಮೊಟ್ಟೆಗೆ ಹುಂಜ ಬೇಕೂ ಇಲ್ಲ.

---

ವಾಸ್ಕೋ_ಗದಗಿನವ

ಆಟೋಮ್ಯಾಟಿಕ್ ಬಾಗಲಾ ಅಂತ ಆನ್‌ಲೈನ್ ಸಿಗತಾವಲ್ಲ, ಬೆಳಕು ನೋಡಿ ಮುಚ್ಚಾವು, ಅವನ್ನ ಯಾರರ ಕೇಳೂದರೊಳಗ ಹೇಳಿಬಿಡತೀನಿ. ಗೋವಾದಾಗ ನವೆಂಬರಿಗೆ ಹೊತ್ತು ಮುಳುಗೂದು ಆರರ ಸುಮಾರಿಗೆ, ಜುಲೈಕ್ಕ ಏಳೂಕಾಲರ ಹತ್ರ. ಟೈಮರ್ ಇರೂ ಬಾಗಲಾ ತಿಂಗಳಿಗೊಮ್ಮಿ ಹೊಂದಿಸಬೇಕು, ಮರತ್ರ ಅರ್ಧ ಕೋಳಿ ಹೊರಗ. ಬೆಳಕಿಂದು ಮಳಿಗಾಲದಾಗ ಮೋಡ ಕವದ್ರ ನಾಲ್ಕೂವರಿಗೇ ಮುಚ್ಚಿಬಿಡತೈತಿ. ಹೊತ್ತು ಮುಳುಗಿ ಅರ್ಧ ತಾಸಿಗೆ ಎಣಿಸಿ ಕೈಲೇ ಮುಚ್ಚೂದ ಛಲೋ. ಎಣಿಸೂದು ಮುಖ್ಯ ನೋಡ್ರಿ, 13 ಇದ್ದಾವೋ ಇಲ್ಲೋ ಅಂತ.

---

ಮಾಪ್ಸಾ_ಪಶುಪಾಲಕ

ಎಣಿಸುವಾಗಲೇ ಇನ್ನೊಂದು ಕೆಲಸ ಆಗುತ್ತದೆ. ತಿಂಗಳಿಗೆ ಎರಡು ಸಲ, ಕೋಳಿ ಕೂತು ಒಂದೆರಡು ತಾಸಾದ ಮೇಲೆ ಬಿಳಿ ಕಾಗದ ಅಥವಾ ಬಿಳಿ ಬಟ್ಟೆಯಿಂದ ಗಳದ ಅಡಿಮೈ ಒರೆಸಿ ನೋಡಿ. ಕೆಂಪು ಕಲೆ ಬಿದ್ದರೆ ಅದು ರಕ್ತ ಹೀರಿದ ಕೆಂಪು ನುಸಿ. ಹಗಲು ಕೋಳಿಯ ಮೈಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಬಿರುಕಿನಲ್ಲಿ ಅಡಗಿ ರಾತ್ರಿ ಮಾತ್ರ ಹತ್ತುತ್ತದೆ. ಜುಟ್ಟು ಬಿಳಿಚುವುದು, ಮೊಟ್ಟೆ ಇಳಿಯುವುದು, ಸಂಜೆ ಗೂಡಿಗೆ ಹೋಗಲು ಹಟ ಮಾಡುವುದು ಇದರ ಗುರುತು. ಮರ ಬಿಟ್ಟು ಬರಲೊಲ್ಲದ ಕೋಳಿಯ ಹಟಕ್ಕೂ ಒಮ್ಮೊಮ್ಮೆ ಕಾರಣ ಇದೇ.

ಗಳ ಎತ್ತಿ ತುದಿಗೆ, ಕಚ್ಚಿಗೆ ಕುದಿಯುವ ನೀರು ಹೊಯ್ಯಿರಿ, ಪೂರ್ತಿ ಒಣಗಿಸಿ, ಬಿರುಕಿಗೆ ಸುಣ್ಣ ತುಂಬಿ. ಬಿಸಿ ವಾತಾವರಣದಲ್ಲಿ ಮೊಟ್ಟೆಯಿಂದ ಬೆಳೆದ ನುಸಿ ಆಗಲು ಏಳರಿಂದ ಹತ್ತು ದಿನ. ಅದಕ್ಕೆ ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿದರೆ ಮಾತ್ರ ಹೋಗುತ್ತದೆ. ಒಮ್ಮೆ ಮಾಡಿ ಬಿಟ್ಟರೆ ಉಳಿದ ಮೊಟ್ಟೆಗಳೇ ಮತ್ತೆ ಗೂಡು ತುಂಬುತ್ತವೆ. ಕೋಳಿ ಒಳಗಿರುವಾಗ ಮನೆಯ ಜಿರಳೆ ಸ್ಪ್ರೇ ಹೊಡೆಯಬೇಡಿ.